ಮಸುಕಾದ ಫೋಟೊ ಜೂಮ್ ಮಾಡಿದರೆ ಒಂದು ಚುಕ್ಕಿ ಎರಡಾಗುತ್ತದೆಯೇ?

ಮಸುಕಾದ ಸಿಸಿಟಿವಿ ಫೋಟೊವನ್ನು ಆ್ಯಪ್‌ಗೆ ಹಾಕಿದರೆ ನಂಬರ್ ಪ್ಲೇಟ್ ಕ್ಷಣದಲ್ಲಿ ಸ್ಪಷ್ಟವಾಗುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ? ಉತ್ತರಕ್ಕೆ ಮೊದಲು ಆಕಾಶ ನೋಡೋಣ.

ಮದುವೆಯಲ್ಲಿ ತೋರಿಸುವ ಅರುಂಧತಿ ನಕ್ಷತ್ರ ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದಲ್ಲಿದೆ. (ಮುಹೂರ್ತ ಹಗಲಲ್ಲಿದ್ದರೆ ಪುರೋಹಿತರು ತೋರಿಸಿದ ಕಡೆ ನೋಡಿ ತಲೆಯಾಡಿಸುವುದಷ್ಟೇ!) ಇವೆರಡರ ಅಂತರ ಒಂದು ಡಿಗ್ರಿಯ ಸುಮಾರು ಐದನೇ ಒಂದು ಭಾಗ. ಒಳ್ಳೆಯ ಕಣ್ಣು ಡಿಗ್ರಿಯ 60ನೇ ಒಂದು ಭಾಗವನ್ನೂ ಗುರುತಿಸಬಲ್ಲದು, ಹಾಗಾಗಿ ಇವು ಬೇರೆಬೇರೆಯಾಗಿ ಕಾಣುತ್ತವೆ. ಸಣ್ಣ ದೂರದರ್ಶಕದಲ್ಲಿ ವಸಿಷ್ಠನೇ ಎರಡಾಗುತ್ತಾನೆ. ಆ ಎರಡರಲ್ಲಿ ಪ್ರತಿಯೊಂದೂ ಮತ್ತೆ ಜೋಡಿ! ಆದರೆ ಸಾಮಾನ್ಯ ದೂರದರ್ಶಕಕ್ಕೆ ಆ ಜೋಡಿಗಳು ಒಂದೊಂದು ಚುಕ್ಕಿ ಮಾತ್ರ.

ಕಾರಣ ಸರಳ. ಲೆನ್ಸ್ ಹಾದುಬಂದ ಬೆಳಕು ಒಂದೇ ಬಿಂದುವಿನಲ್ಲಿ ನಿಲ್ಲದೆ ಪುಟ್ಟ ಬಿಲ್ಲೆಯಂತೆ ಹರಡುತ್ತದೆ. ಲೆನ್ಸ್ ಚಿಕ್ಕದಾದಷ್ಟೂ ಬಿಲ್ಲೆ ದೊಡ್ಡದು. ಎರಡು ಬಿಲ್ಲೆಗಳು ಬೆರೆತ ಮೇಲೆ ಜೂಮ್ ಮಾಡಿದರೆ ಬೆರೆತದ್ದೇ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಸಂಖ್ಯಾಶಾಸ್ತ್ರ ನೆರವಿಗೆ ಬರುತ್ತದೆ. ಒಂಟಿ ನಕ್ಷತ್ರದ ಬಿಲ್ಲೆ ಹೇಗಿರುತ್ತದೆಂದು ಸುತ್ತಲಿನ ನಕ್ಷತ್ರಗಳಿಂದಲೇ ತಿಳಿಯುತ್ತದೆ. ಕಂಪ್ಯೂಟರ್ ಆ ಮಸುಕಿನ ಮೇಲೆ ಮೊದಲು ಒಂದು ಬಿಲ್ಲೆ, ನಂತರ ಎರಡು ಬಿಲ್ಲೆ ಇಟ್ಟು ಹೊಂದಿಸಿ ನೋಡುತ್ತದೆ. ಎರಡು ಬಿಲ್ಲೆಯನ್ನು ಹೆಚ್ಚು ರೀತಿಯಲ್ಲಿ ತಿರುಗಿಸಿ, ಸರಿಸಿ ಹೊಂದಿಸಬಹುದಾದ್ದರಿಂದ ಅದು ಸ್ವಲ್ಪವಾದರೂ ಚೆನ್ನಾಗಿ ಕೂರುತ್ತದೆ. ಅಷ್ಟಕ್ಕೇ ಎರಡು ನಕ್ಷತ್ರ ಎಂದು ಘೋಷಿಸುವಂತಿಲ್ಲ. ಒಂದೇ ನಕ್ಷತ್ರವಿದ್ದು, ಬೆಳಕಿನ ಏರಿಳಿತದಿಂದಲೇ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ ಎಷ್ಟು? ಅದು ತೀರ ಕಡಿಮೆಯಿದ್ದರೆ ಮಾತ್ರ ಜೋಡಿ ಎನ್ನುತ್ತಾರೆ. ಬೆಳಕಿನ ಕಣಗಳು 100 ಪಟ್ಟು ಹೆಚ್ಚು ಸಿಕ್ಕರೆ ಒಂಟಿ ಬಿಲ್ಲೆಯ ಕೇಂದ್ರ ಗುರುತಿಸುವ ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಜೋಡಿ ಹತ್ತಿರವಾದಷ್ಟೂ ಬೇಕಾಗುವ ಬೆಳಕು ವಿಪರೀತ ಏರುತ್ತದೆ.

ಈಗ ನಂಬರ್ ಪ್ಲೇಟ್‌ಗೆ ಬರೋಣ. ಮಸುಕಿನಲ್ಲಿ 3 ಮತ್ತು 8 ಒಂದೇ ಥರ ಕಾಣಬಹುದು. ಚಿತ್ರ ಸ್ಪಷ್ಟಗೊಳಿಸುವ ಎಐ ಆ್ಯಪ್ ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದಲ್ಲಿ ಊಹಿಸಿ, ಚೊಕ್ಕವಾದ 8 ಬರೆದುಬಿಡುತ್ತದೆ. ಅನುಮಾನ ಎಷ್ಟಿತ್ತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. 8 ನಂಬರಿನ ಸ್ಕೂಟರ್ ಇಟ್ಟುಕೊಂಡ ಯಾರೋ ಒಬ್ಬರು ಊರಿನ ಗ್ರೂಪ್‌ಗಳಲ್ಲೆಲ್ಲ ಕಳ್ಳರಾಗುತ್ತಾರೆ.

ಹಾಗೆಂದು ಮಸುಕಾದ ವಿಡಿಯೊ ಪೂರ್ತಿ ವ್ಯರ್ಥವಲ್ಲ. ವಾಹನ ಚಲಿಸುವಾಗ ಪ್ರತಿ ಫ್ರೇಮ್‌ನಲ್ಲೂ ಪ್ಲೇಟ್ ಬೇರೆ ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ, ಅವನ್ನು ಜೋಡಿಸಿದರೆ ನಿಜವಾದ ಹೆಚ್ಚುವರಿ ಮಾಹಿತಿ ಸಿಗಬಹುದು. ಅದಕ್ಕಾಗಿ ಪೊಲೀಸರಿಗೆ ಕೊಡಬೇಕಾದದ್ದು ಕ್ಯಾಮೆರಾದ ಮೂಲ ವಿಡಿಯೊ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊದಂತೆ ಕಳಿಸಿದರೆ ಗಾತ್ರ ಕುಗ್ಗುವಾಗ ಆ ಸೂಕ್ಷ್ಮ ವಿವರಗಳೇ ಮೊದಲು ಅಳಿಸಿಹೋಗುತ್ತವೆ.