ಒದ್ದೆ ತಟ್ಟೆಯ ತಕರಾರು

ಪಾತ್ರೆ ತೊಳೆಯುವ ಯಂತ್ರ ಬಂದರೆ ಕೈಗೆ ಬಿಡುವು ಸಿಗುತ್ತದೆಂದು ನೀವೂ ನಂಬಿರಬಹುದು. ನಮ್ಮಲ್ಲಿ ಯಂತ್ರ ತೊಳೆಯುತ್ತದೆ, ಅತ್ತೆಯವರು ಬಟ್ಟೆ ಹಿಡಿದು ಒರೆಸುತ್ತಾರೆ! ಪ್ಲಾಸ್ಟಿಕ್ ಬುತ್ತಿಯಲ್ಲಿ ನೀರು ಉಳಿದು ಮಗಳ ಚಪಾತಿ ಒದ್ದೆಯಾದ ದಿನ ಮೆಕ್ಯಾನಿಕ್‌ನನ್ನು ಕರೆಸಿದೆ. ಯಂತ್ರ ಕೆಟ್ಟಿರಲಿಲ್ಲ.

ಹಿಂದಿನ ಅನೇಕ ಯಂತ್ರಗಳ ತಳದಲ್ಲಿ ಕಾಯಿಲ್ ಇದ್ದು, ಒಳಗಿನ ಗಾಳಿಯನ್ನು ಕಾಯಿಸಿ ಪಾತ್ರೆ ಒಣಗಿಸುತ್ತಿತ್ತು. ವಿದ್ಯುತ್ ಉಳಿಸಲೆಂದು ಈಗಿನ ಹಲವು ಯಂತ್ರಗಳಲ್ಲಿ ಅದಿಲ್ಲ. ಕೊನೆಯ ಬಿಸಿನೀರಿಗೆ ಪಾತ್ರೆ ಕಾದು, ಆ ಶಾಖಕ್ಕೇ ನೀರು ಆವಿಯಾಗಿ, ತಣ್ಣಗಿನ ಸ್ಟೀಲ್ ಗೋಡೆಗೆ ತಾಗಿ ಹನಿಯಾಗಿ ಇಳಿಯಬೇಕು. ಪಿಂಗಾಣಿ ಶಾಖ ಹಿಡಿದಿಡುತ್ತದೆ, ಒಣಗುತ್ತದೆ. ಪ್ಲಾಸ್ಟಿಕ್‌ಗೆ ಆ ಶಕ್ತಿಯಿಲ್ಲ. ಅಂಗಡಿಯವನು ಇದನ್ನು ಹೇಳಲೇ ಇಲ್ಲ. ಉಳಿದ ವಿದ್ಯುತ್ತಿಗೆ ಲೆಕ್ಕವಿದೆ; 65 ದಾಟಿದ ಅತ್ತೆಯವರ ಕೈನೋವಿಗೆ?

ರಿನ್ಸ್ ಏಡ್ ಎಂಬ ದ್ರವವನ್ನು ದುಂದುವೆಚ್ಚವೆಂದು ನಾನೇ ಬಿಟ್ಟಿದ್ದೆ. ನೀರು ಹನಿಗಟ್ಟದೆ ಜಾರಿಹೋಗಲು ಅದು ಬೇಕು. ತೊಳೆದು ಮುಗಿದ ಮೇಲೆ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಿಡಿ. ಕೆಳಗಿನ ಸಾಲನ್ನೇ ಮೊದಲು ಖಾಲಿ ಮಾಡಿ, ಇಲ್ಲದಿದ್ದರೆ ಮೇಲಿನ ಲೋಟಗಳ ತಳದಲ್ಲಿ ನಿಂತ ನೀರು ಒಣಗಿದ ತಟ್ಟೆಗಳ ಮೇಲೆ ಸುರಿಯುತ್ತದೆ.

ಈಗ ತಟ್ಟೆ ಲೋಟ ಒಣಗುತ್ತವೆ. ಬುತ್ತಿಯನ್ನು ಮಾತ್ರ ಯಂತ್ರಕ್ಕೆ ಹಾಕುವುದನ್ನೇ ಬಿಟ್ಟು, ರಾತ್ರಿ ಕೈಯಲ್ಲಿ ತೊಳೆದು ಕಿಟಕಿಯ ಬಳಿ ಕವುಚಿ ಇಡುತ್ತೇನೆ.