ಮಾತನ್ನೂ ತಟ್ಟಿ ನೋಡೋಣ

ಮಕ್ಕಳೇ, ಮಿರಜದ ಪೇಟೆಯಲ್ಲಿ ಅಜ್ಜಿ ಗಡಿಗೆ ಕೊಳ್ಳುವುದನ್ನು ನೀವು ನೋಡಿರಬಹುದು. ಬಣ್ಣ ಚೆನ್ನಾಗಿದೆ ಎಂದು ಅವಳು ಕೂಡಲೇ ಹಣ ಕೊಡುವುದಿಲ್ಲ. ಬೆರಳು ಮಡಚಿ ಗಡಿಗೆಯನ್ನು ಮೆಲ್ಲನೆ ತಟ್ಟುತ್ತಾಳೆ. ಸದ್ದಿಗೆ ಕಿವಿಗೊಡುತ್ತಾಳೆ. ‘ಠಣ್’ ಎಂದರೆ ಗಡಿಗೆ ಗಟ್ಟಿ. ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ ಎಂದು ಅರ್ಥ. ಇದರಿಂದ ಕುಂಬಾರನಿಗೆ ಸಿಟ್ಟು ಬರುವುದಿಲ್ಲ. ಒಳ್ಳೆಯ ಗಡಿಗೆ ಮಾಡಿದವನು ತಾನೇ ತಟ್ಟಿ ತೋರಿಸುತ್ತಾನೆ.

ದೊಡ್ಡವರ ಮಾತನ್ನೂ ಹೀಗೆಯೇ ತಟ್ಟಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ದೇಶ ಆಳುವವರು ಸೈನ್ಯ ಕಳಿಸುವ ವಿಷಯವಾಗಿ ಮಾಡುವ ಭಾಷಣವನ್ನು ತಪ್ಪದೆ ತಟ್ಟಿ ನೋಡಬೇಕು. ಏಕೆಂದರೆ ಅಂಥ ಮಾತಿನ ಜೊತೆಗೆ ಜನರ ಪ್ರಾಣದ ಪ್ರಶ್ನೆ ಇರುತ್ತದೆ.

ಮೊದಲು ನಮ್ಮ ಸಮೀಪದ ಒಂದು ಉದಾಹರಣೆ ನೋಡೋಣ. ಸ್ವಾತಂತ್ರ್ಯ ಬಂದಾಗ ಸಾಂಗಲಿ ಮತ್ತು ಮಿರಜಗಳಲ್ಲಿ ಪಟವರ್ಧನ ಮನೆತನದ ಅರಸರ ಆಳ್ವಿಕೆ ಇತ್ತು. 1948ರ ಮಾರ್ಚ್ ತಿಂಗಳಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಇದಕ್ಕಾಗಿ ಸೈನ್ಯ ಬರಬೇಕಾಗಲಿಲ್ಲ. ಆದರೆ ಹೈದರಾಬಾದಿನ ನಿಜಾಮರು ಭಾರತದಲ್ಲಿ ಸೇರಲು ಒಪ್ಪಲಿಲ್ಲ. ಅವರ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಬೀದರ, ಕಲಬುರಗಿ, ರಾಯಚೂರು ಇವು ಕನ್ನಡದ ಜಿಲ್ಲೆಗಳು. ಮರಾಠವಾಡದ ಐದು ಜಿಲ್ಲೆಗಳೂ ಅದರಲ್ಲಿದ್ದವು. ಅಲ್ಲಿ ರಜಾಕಾರರೆಂಬ ಸಶಸ್ತ್ರ ದಳದವರು ಹಳ್ಳಿಗಳಲ್ಲಿ ಹಿಂಸೆ ನಡೆಸಿದರು. ಅನೇಕರು ಮನೆಮಠ ಬಿಟ್ಟು ಗಡಿ ದಾಟಿ ಶಿಬಿರಗಳಲ್ಲಿ ಉಳಿದರು. 1948ರ ಸಪ್ಟೆಂಬರ್ 13ರಂದು ಭಾರತದ ಸೈನ್ಯ ಸೋಲಾಪುರದಿಂದ ಹೊರಟಿತು. ಮೊದಲ ದಿನವೇ ನಳದುರ್ಗ ವಶವಾಯಿತು. 17ರಂದು ನಿಜಾಮರು ಸೋಲೊಪ್ಪಿದರು. ಆ ದಿನವನ್ನು ಮರಾಠವಾಡದಲ್ಲಿಯೂ ಕಲ್ಯಾಣ ಕರ್ನಾಟಕದಲ್ಲಿಯೂ ಇಂದಿಗೂ ಆಚರಿಸುತ್ತಾರೆ.

ಈಗ ಮೊದಲ ಸಲ ತಟ್ಟಿ ನೋಡೋಣ. ಇದಕ್ಕೆ ಯಾವ ಹೆಸರು ಕೊಟ್ಟರು? ಟ್ಯಾಂಕುಗಳು ಹೋದವು, ವಿಮಾನಗಳು ಹಾರಿದವು, ಮೇಜರ್ ಜನರಲ್ ಚೌಧುರಿಯವರು ಸೈನ್ಯವನ್ನು ನಡೆಸಿದರು. ಆದರೂ ಸರಕಾರ ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆಯಿತು. ಯುದ್ಧ ನಡೆಯುವುದು ಎರಡು ದೇಶಗಳ ನಡುವೆ. ಹೈದರಾಬಾದು ಬೇರೆ ದೇಶವಲ್ಲ ಎಂಬುದು ಸರಕಾರದ ವಾದವಾಗಿತ್ತು. ವಾದದಲ್ಲಿ ಹುರುಳಿದೆ. ಆದರೆ ಹೆಸರು ಸಣ್ಣದಾದ ಮಾತ್ರಕ್ಕೆ ಗುಂಡಿನ ಪೆಟ್ಟು ಸಣ್ಣದಾಗುವುದಿಲ್ಲ. ಎರಡು ವರ್ಷಗಳ ನಂತರ, 1950ರಲ್ಲಿ, ಅಮೇರಿಕದ ಅಧ್ಯಕ್ಷ ಟ್ರೂಮನ್ನರು ಕೊರಿಯಾದ ಯುದ್ಧಕ್ಕೂ ಇದೇ ಹೆಸರನ್ನು ಒಪ್ಪಿಕೊಂಡರು. ಆ ‘ಪೊಲೀಸ್ ಕೆಲಸ’ ಮೂರು ವರ್ಷ ನಡೆಯಿತು!

ಎರಡನೆಯ ಸಲ ತಟ್ಟಿ ನೋಡೋಣ. ಭಾಷಣದಲ್ಲಿ ಏನಿದೆ, ಏನಿಲ್ಲ? ಸಪ್ಟೆಂಬರ್ 18ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ರೇಡಿಯೋದಲ್ಲಿ ಮಾತನಾಡಿದರು. ನಾವು ಶಾಂತಿಪ್ರಿಯರು, ಯುದ್ಧ ನಮಗೆ ಬೇಡ, ಪರಿಸ್ಥಿತಿಯೇ ನಮ್ಮಿಂದ ಇದನ್ನು ಮಾಡಿಸಿತು ಎಂಬುದು ಅವರ ಮಾತಿನ ಸಾರ. ಸೈನ್ಯ ಕಳಿಸಿದ ಬಹುತೇಕ ನಾಯಕರು ಹೀಗೆಯೇ ಹೇಳುತ್ತಾರೆ. ಆದ್ದರಿಂದ ಅದು ನಿಜವೇ ಎಂದು ಬೇರೆ ಕಡೆ ಹುಡುಕಬೇಕು. ನಿಜಾಮರೊಡನೆ ತಿಂಗಳುಗಟ್ಟಲೆ ಮಾತುಕತೆ ನಡೆದಿತ್ತು, ಇದು ನಿಜ. ಹಿಂದೂ ಮುಸಲ್ಮಾನರೆಲ್ಲ ಸಂಯಮದಿಂದ ನಡೆದುಕೊಂಡರೆಂದು ನೆಹರೂ ಅವರು ಸಂತೋಷಪಟ್ಟರು. ಇದು ಒಳ್ಳೆಯ ಮಾತು. ಆದರೆ ಅದೇ ಕಾಲದಲ್ಲಿ ಮತ್ತು ಅದರ ನಂತರ, ಹಲವು ಹಳ್ಳಿಗಳಲ್ಲಿ ಏನೂ ತಪ್ಪು ಮಾಡದ ಮುಸಲ್ಮಾನರು ಪ್ರಾಣ ಕಳೆದುಕೊಂಡರು. ಅದನ್ನು ತಿಳಿಯಲು ಸರಕಾರವೇ ಪಂಡಿತ ಸುಂದರಲಾಲರನ್ನು ಕಳಿಸಿತು. ಅವರ ವರದಿ ಬಹುಕಾಲ ಜನರ ಕೈಗೆ ಸಿಗಲಿಲ್ಲ. ಗೆದ್ದ ಮರುದಿನದ ಭಾಷಣದಲ್ಲಿ ಇಡೀ ಇತಿಹಾಸ ಇರುವುದಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಮೂರನೆಯ ಸಲ ತಟ್ಟಿ ನೋಡಲು ದೂರದ ದೇಶಕ್ಕೆ ಹೋಗೋಣ. 2003ರ ಮಾರ್ಚ್ 17ರಂದು ಅಮೇರಿಕದ ಅಧ್ಯಕ್ಷ ಜಾರ್ಜ್ ಬುಶ್ ಅವರು ದೂರದರ್ಶನದಲ್ಲಿ ಭಾಷಣ ಮಾಡಿದರು. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನರೂ ಅವರ ಮಕ್ಕಳೂ 48 ಗಂಟೆಗಳಲ್ಲಿ ದೇಶ ಬಿಡಬೇಕು, ಇಲ್ಲವಾದರೆ ಯುದ್ಧ ಎಂದರು. ಇರಾಕಿನಲ್ಲಿ ಘೋರ ಅಸ್ತ್ರಗಳು ಬಚ್ಚಿಟ್ಟಿವೆ, ಅದರಲ್ಲಿ ಸಂಶಯವೇ ಇಲ್ಲ ಎಂದರು. ವಿಶ್ವಸಂಸ್ಥೆಯ ತಪಾಸಕರು ಆಗ ಅಸ್ತ್ರಗಳನ್ನು ಹುಡುಕುತ್ತಲೇ ಇದ್ದರು. ಕೆಲಸ ಮುಗಿಯಲು ಇನ್ನೂ ಕೆಲವು ತಿಂಗಳು ಬೇಕು ಎಂದು ಅವರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಹೇಳಿದ್ದರು. ಆದರೂ ಯುದ್ಧ ನಡೆಯಿತು. 2004ರಲ್ಲಿ ಅಮೇರಿಕದ ತಪಾಸಕರೇ ವರದಿ ಕೊಟ್ಟರು: ಅಂಥ ಅಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲ. ಯುದ್ಧ ಇರಾಕಿನ ಜನರ ಮೇಲಲ್ಲ, ಆಳುವವರ ಮೇಲೆ ಎಂದೂ ಬುಶ್ ಹೇಳಿದ್ದರು. ಆದರೆ ಸಾವಿರಾರು ಸಾಮಾನ್ಯ ಜನರು ಸತ್ತರು. ‘ಸಂಶಯವೇ ಇಲ್ಲ’ ಎಂಬ ಮಾತು ಕೇಳಿದಾಗಲೇ ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳಬೇಕಾಗುತ್ತದೆ.

ಒಮ್ಮೆ ವರ್ಗದಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತ. “ಸರ್, ಹಿಂಗ ಪ್ರಶ್ನೆ ಕೇಳಿದ್ರ ನಮ್ಮ ಸೈನಿಕರಿಗೆ ಅವಮಾನ ಆಗೂದಿಲ್ಲೇನ್ರಿ?” ಎಂದ. ಒಳ್ಳೆಯ ಪ್ರಶ್ನೆ. ನಾನು ಉತ್ತರ ಹುಡುಕುತ್ತಿರುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ನಮ್ಮಪ್ಪ ಮಿಲಿಟ್ರಿಯೊಳಗ ಅದಾನ್ರಿ ಸರ್. ಅವನ್ನ ಕಳಿಸೋರು ಖರೇ ಹೇಳಬೇಕಲ್ರಿ?” ಎಂದಳು. ವರ್ಗ ಸುಮ್ಮನಾಯಿತು. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಂದ ತರುಣರು ಸೈನ್ಯಕ್ಕೆ ಹೋಗಿದ್ದಾರೆ. ಹೋಗು ಎಂದರೆ ಅವರು ಹೋಗುತ್ತಾರೆ. ಅದು ಅವರ ಕರ್ತವ್ಯ. ಹಾಗಾದರೆ, ಏಕೆ ಹೋಗಬೇಕು ಎಂದು ಕೇಳುವ ಕರ್ತವ್ಯ ಯಾರದು? ಮನೆಯಲ್ಲಿ ಉಳಿದ ನಮ್ಮದು. ಪ್ರಶ್ನೆ ಕೇಳುವವರೆಲ್ಲ ವಿರೋಧಿಗಳಲ್ಲ. ಕೆಲವೊಮ್ಮೆ ಸೈನ್ಯ ಕಳಿಸುವುದು ಅನಿವಾರ್ಯವೂ ಆಗಬಹುದು. ಆಗ ತಟ್ಟಿದ ಮಾತು ಗಟ್ಟಿಯಾಗಿಯೇ ಸದ್ದು ಮಾಡುತ್ತದೆ.

ಮಕ್ಕಳೇ, ನಾಳೆ ನೀವು ಮತ ಹಾಕುವ ನಾಗರಿಕರಾಗುವಿರಿ. ಇಂಥ ಭಾಷಣ ಕೇಳಿದಾಗ ಚಪ್ಪಾಳೆ ತಟ್ಟುವ ಮುಂಚೆ ಮಾತನ್ನು ತಟ್ಟಿರಿ. ಕೆಲಸಕ್ಕೆ ಯಾವ ಹೆಸರಿಟ್ಟಿದ್ದಾರೆ? ಏನನ್ನು ಹೇಳದೆ ಬಿಟ್ಟಿದ್ದಾರೆ? ಹೇಳಿದ್ದಕ್ಕೆ ಆಧಾರ ಏನು? ಒಂದು ಗಡಿಗೆ ಒಡೆದರೆ ಇನ್ನೊಂದನ್ನು ಕೊಳ್ಳಬಹುದು. ಹೋದ ಪ್ರಾಣವನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು.