ನಮ್ಮ ಸಕ್ಕರೆಯ ಹೆಸರು ಹೇಳಿ ಅವರ ದಂಡೆ ಕಸಿಯಬೇಡಿ

ದಸರಾ ರಜೆಗೆ ಗೋಕರ್ಣ, ಹೊನ್ನಾವರ, ಮುರ್ಡೇಶ್ವರ ಸುತ್ತಿ ಬಂದ ನಮ್ಮ ಮಂದಿ ಊರಿಗೆ ಮರಳಿ ಆಡುವ ಮಾತು ಕೇಳಿದರೆ ಮೈ ಉರಿಯುತ್ತದೆ. ‘ಬೀಚು ಭಾಳ ಚಲೋ ಐತ್ರಿ. ಆದರ ಆ ಮೀನಗಾರ ಮಂದಿ ಏನೂ ಮಾಡಾಕ ಬಿಡಾಂಗಿಲ್ಲ. ಬಂದರ ಬ್ಯಾಡ ಅಂತಾರ, ರಸ್ತೆ ಬ್ಯಾಡ ಅಂತಾರ. ಹಿಂಗಾದ್ರ ನಮ್ಮ ಕಡೆ ಉದ್ಧಾರ ಆಗೂದು ಯಾವಾಗ?’ ನಿಪ್ಪಾಣಿಯ ಚಹಾದಂಗಡಿಯಲ್ಲಿ ಇದೇ ಮಾತು, ಚಿಕ್ಕೋಡಿಯ ಕೋರ್ಟ್ ಆವರಣದಲ್ಲಿ ಇದೇ ಮಾತು, ಅಥಣಿಯ ಮದುವೆ ಪಂಗತಿಯಲ್ಲೂ ಇದೇ ಮಾತು. ಆಡುವವರು ಓದಿದವರು, ಮಾಸ್ತರರು, ಹತ್ತಾರು ಎಕರೆ ಕಬ್ಬು ಇರುವವರು. ಎರಡು ರಾತ್ರಿ ರೂಮು ಮಾಡಿ ಉಳಿದ ಮಾತ್ರಕ್ಕೆ ಆ ಊರಿನ ಹಣೆಬರಹ ಬರೆಯುವ ಅಧಿಕಾರ ಇವರಿಗೆ ಯಾರು ಕೊಟ್ಟರು? ಬೇರೆ ಯಾರಾದರೂ ಈ ಮಾತು ಆಡಲಿ, ಕೃಷ್ಣೆ–ದೂಧಗಂಗೆಯ ದಂಡೆಯವರು ಆಡಬಾರದು.

ಹೊನ್ನಾವರದ ಕಾಸರಕೋಡು ಟೊಂಕವನ್ನೇ ನೋಡಿ. ಶರಾವತಿ ಸಮುದ್ರ ಸೇರುವಲ್ಲಿ ಮರಳಿನ ಒಂದು ಸೆರಗು. ಅದರ ಮೇಲೆ ಮೀನುಗಾರರ ಮನೆ, ದೋಣಿ, ಬಲೆ, ಮೀನು ಒಣಗಿಸುವ ಬಯಲು. ಕಡಲಾಮೆಗಳು ಮೊಟ್ಟೆ ಇಡಲು ಬರುವುದೂ ಇದೇ ಮರಳಿಗೆ. ಸುಮಾರು 44 ಹೆಕ್ಟೇರ್ ಜಾಗವನ್ನು ಸರ್ಕಾರ 2010ರಲ್ಲಿ ಖಾಸಗಿ ಬಂದರು ಕಂಪನಿಗೆ ಗುತ್ತಿಗೆ ಕೊಟ್ಟಿತು. ಹೆದ್ದಾರಿಯಿಂದ ಬಂದರಿಗೆ ರಸ್ತೆ ಬೇಕು ಎಂದು ಯಂತ್ರಗಳು ಬಂದವು, ಯಂತ್ರಗಳ ಹಿಂದೆ ಪೊಲೀಸ್ ವ್ಯಾನುಗಳು ಬಂದವು. 2024ರ ಜನವರಿಯಲ್ಲಿ ಹೆಂಗಸರೇ ಮುಂದೆ ನಿಂತು ತಡೆದರು. 2025ರ ಫೆಬ್ರವರಿಯಲ್ಲಿ ಊರಿಗೆ ನಿಷೇಧಾಜ್ಞೆ ಹಾಕಿ ಸರ್ವೆಗೆ ಬಂದಾಗ ಅದೇ ಹೆಂಗಸರು ಸಮುದ್ರಕ್ಕೆ ಇಳಿದರು. ನಾಲ್ಕು ಜನ ಸೇರಬಾರದು ಎಂದು ಸರ್ಕಾರ ಹೇಳಿದ್ದು ಅವರ ಸ್ವಂತ ಅಂಗಳದಲ್ಲಿ. ಇಂಥವರನ್ನು ನಾವು ಅಭಿವೃದ್ಧಿ ವಿರೋಧಿಗಳು ಅನ್ನುತ್ತೇವೆ.

ಅದೇ ಕಾಸರಕೋಡಿನ ದಕ್ಷಿಣಕ್ಕೆ, ನಮ್ಮವರು ಫೋಟೊ ಹೊಡೆಸಿಕೊಳ್ಳುವ ಬ್ಲೂ ಫ್ಲ್ಯಾಗ್ ಕಡಲತೀರ ಇದೆ. 2020ರ ಅಕ್ಟೋಬರ್‌ನಲ್ಲಿ ಭಾರತದ 8 ಕಡಲತೀರಗಳಿಗೆ ಈ ಮಾನ್ಯತೆ ಸಿಕ್ಕಿತು. ಕರ್ನಾಟಕದಿಂದ ಪಡುಬಿದ್ರಿ ಮತ್ತು ಕಾಸರಕೋಡು. 33 ಮಾನದಂಡ, ಡೆನ್ಮಾರ್ಕಿನ ಸಂಸ್ಥೆಯ ಮೊಹರು, ಎಲ್ಲವೂ ಸರಿ. ಆದರೆ ಆ ಬಾವುಟ ಹಾರಿಸಲು ಅದೇ ವರ್ಷದ ಜನವರಿಯಲ್ಲಿ ಏನು ಮಾಡಿದರು ಎಂಬುದು ನಮ್ಮ ಪ್ರವಾಸಿ ಮಿತ್ರರಿಗೆ ಗೊತ್ತಿದೆಯೇ? ಕೇಂದ್ರ ಪರಿಸರ ಸಚಿವಾಲಯ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮವನ್ನೇ ಸಡಿಲಿಸಿತು. ಇಂಥ ಕಡಲತೀರಗಳಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸ್ನಾನದ ವ್ಯವಸ್ಥೆಗೆ ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು ಎಂದಿತು. 10 ಮೀಟರ್! ರಜೆಗೆ ಬಂದವನು ಮೈಗೆ ಹತ್ತಿದ ಉಪ್ಪು ತೊಳೆದುಕೊಳ್ಳಲಿ ಎಂದು ಕಾನೂನು ಸಮುದ್ರದ ತನಕ ನಡೆದು ಬಂತು. ಅಜ್ಜನ ಕಾಲದಿಂದ ಅಲ್ಲೇ ಇರುವ ಮೀನುಗಾರ ಮಗಳ ಮದುವೆಗೆಂದು ಮನೆಗೆ ಒಂದು ಕೋಣೆ ಸೇರಿಸಲು ಹೋದರೆ ‘ಸಿಆರ್‌ಝಡ್ ಬರುತ್ತದೆ’ ಎಂಬ ಉತ್ತರ. ಪಟ್ಟಾ ಕೇಳಿದರೆ ‘ಸರ್ಕಾರಿ ಜಾಗ’ ಎಂಬ ಉತ್ತರ. ಅದೇ ಸರ್ಕಾರಿ ಜಾಗ ಕಂಪನಿಗೆ ಹೆಕ್ಟೇರ್ ಲೆಕ್ಕದಲ್ಲಿ ಹೋಗುತ್ತದೆ. ಪ್ರವಾಸಿಗೆ 10 ಮೀಟರ್, ಕಂಪನಿಗೆ 44 ಹೆಕ್ಟೇರ್, ದೋಣಿಯವನಿಗೆ ನೋಟಿಸು. ಬಂದರಿನ ಪರ ವಾದಿಸುವವರು ಮೊದಲು ಈ ಲೆಕ್ಕಕ್ಕೆ ಉತ್ತರ ಕೊಡಲಿ, ಉಳಿದ ಮಾತು ಆಮೇಲೆ.

‘ಬರೀ ಮೀನು ಒಣಗಸಾಕ ಅಷ್ಟು ಜಾಗ ಯಾಕ ಬೇಕ್ರಿ?’ ಎಂದು ನನ್ನನ್ನು ಕೇಳಿದವರಿದ್ದಾರೆ. ಟೊಂಕದಲ್ಲಿ ಬೆಳಗ್ಗೆ ಹೋಗಿ ನಿಂತರೆ ಉತ್ತರ ಸಿಗುತ್ತದೆ. ಹಳೆಯ ಬಲೆಗಳನ್ನು ಮರಳಿನ ಮೇಲೆ ಹಾಸಿರುತ್ತಾರೆ, ಮೀನಿಗೆ ಮರಳು ಹತ್ತಬಾರದೆಂದು. ಉಪ್ಪಿನಲ್ಲಿ ನೆನೆದ ಬಂಗಡೆ, ತಾರ್ಲೆಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಒಂದೊಂದಾಗಿ ಹರಡುತ್ತಾರೆ. ಬಿಸಿಲು ಏರಿದಂತೆ ಬಾಗಿ ಬಾಗಿ ಮಗ್ಗುಲು ತಿರುಗಿಸುತ್ತಾರೆ. ಒಬ್ಬಾಕೆಯ ಕೈಯಲ್ಲಿ ಕಾಗೆ ಓಡಿಸುವ ಕೋಲು. ಮೋಡ ಕಟ್ಟಿದರೆ ಎಲ್ಲವನ್ನೂ ಬಾಚಿ ಒಳಗೆ ಹಾಕಬೇಕು, ಬಿಸಿಲು ಬಂದರೆ ಮತ್ತೆ ಹರಡಬೇಕು. ನಾನು ನೋಡುತ್ತಿದ್ದಾಗ ನಮ್ಮ ಕಡೆಯ ನೋಂದಣಿಯ ಒಂದು ಗಾಡಿ ನೇರ ಆ ಬಯಲಿಗೇ ಬಂದು ನಿಂತಿತು. ‘ಅಣ್ಣಾ, ಗಾಡಿ ಸ್ವಲ್ಪ ಆಚೆ ನಿಲ್ಸಿ, ಮೀನಿನ ಮೇಲೆ ಧೂಳು ಬೀಳ್ತದೆ’ ಎಂದಳು ಆಕೆ. ಇಳಿದವರು ಮೂಗು ಮುಚ್ಚಿಕೊಂಡು, ಇಷ್ಟು ಚಂದದ ಬೀಚನ್ನು ಹೊಲಸು ಮಾಡಿದ್ದಾರೆ ಎಂದು ಆಕೆಗೆ ಕೇಳಿಸುವಂತೆಯೇ ಹೇಳಿದರು. ಆಕೆ ತಿರುಗಿ ಮಾತಾಡಲಿಲ್ಲ, ಕೆಲಸ ಇತ್ತು.

ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ಅಥಣಿ, ಕಾಗವಾಡ ಕಡೆಯ ಎಷ್ಟೋ ಲಿಂಗಾಯತ, ಜೈನ ಮನೆಗಳಲ್ಲೂ ಬೇಯುವುದಿಲ್ಲ. ಅದಕ್ಕೂ ಆ ಹೆಂಗಸಿನ ದುಡಿಮೆಗೆ ಮರ್ಯಾದೆ ಕೊಡುವುದಕ್ಕೂ ಏನು ಸಂಬಂಧ? ನಮ್ಮೂರ ಗಾಣದ ಮನೆಯಲ್ಲಿ ಬೆಲ್ಲ ಕುದಿಯುವಾಗ ಬರುವ ಹೊಗೆಯನ್ನು, ಕಾರ್ಖಾನೆಯ ಮಳ್ಳಿಯ ನಾತವನ್ನು ಬೆಂಗಳೂರಿನವರು ಹೊಲಸು ಅಂದರೆ ನಾವು ಸುಮ್ಮನಿರುತ್ತೇವೆಯೇ? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ಮಳೆಗಾಲದಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಬೇಸಿಗೆಯಲ್ಲಿ ಒಣಗಿಸಿ ಇಟ್ಟ ಮೀನಿನಿಂದ. ಆ ಮರಳಿನ ಬಯಲು ಹೋಯಿತೆಂದರೆ ಮೊದಲು ಕೆಲಸ ಕಳೆದುಕೊಳ್ಳುವವರು ಹೆಂಗಸರು. ಬಂದರಿನ ಗೇಟಿನಲ್ಲಿ ಅವರಿಗೆ ಯಾವ ಕೆಲಸವೂ ಕಾದಿಲ್ಲ.

ಗೋವಾ, ಮಾಲ್ವಣಕ್ಕೆ ಹೋಗುವವರೂ ಇದೇ ಸಾಲಿನವರೇ. ನಿಪ್ಪಾಣಿಯವರಿಗೆ ಆಜರಾ, ಅಂಬೋಲಿ ದಾಟಿದರೆ ಮಾಲ್ವಣವೇ ಹತ್ತಿರ. ಕೋಟೆ ನೋಡುತ್ತಾರೆ, ನೀರಿನಡಿ ಇಳಿಯುತ್ತಾರೆ, ಬರುತ್ತಾರೆ. ಆ ಸಮುದ್ರದ ಇನ್ನೊಂದು ಮುಖ ನೋಡುವುದಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಮರಳಿ ಬರಲಿಲ್ಲ. ಅದರಲ್ಲಿದ್ದವರು 7 ಜನ, ಅವರಲ್ಲಿ 5 ಜನ ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಮನೆಯವರು ಕಾದರು. 2019ರ ಮೇ ತಿಂಗಳಲ್ಲಿ ಅವಶೇಷ ಸಿಕ್ಕಿದ್ದು ಇದೇ ಮಾಲ್ವಣದ ಆಚೆಯ ಸಮುದ್ರದಲ್ಲಿ. ಸಮುದ್ರ ಆ ಜನರಿಂದ ಇಂಥ ಬೆಲೆ ತೆಗೆದುಕೊಳ್ಳುತ್ತದೆ. ಇಷ್ಟಾದರೂ ಅವರು ಸರ್ಕಾರವನ್ನು ಕೇಳುತ್ತಿರುವುದು ದೋಣಿ ಎಳೆದು ಹಾಕಲು ಒಂದಿಷ್ಟು ದಂಡೆ ಮಾತ್ರ.

ಇನ್ನು ‘ನಮ್ಮ ಕಡೆ ಉದ್ಧಾರ’ ಎಂಬ ಮಾತಿಗೆ ಬರೋಣ. ನನಗೆ ಹೆಚ್ಚು ಸಿಟ್ಟು ತರಿಸುವುದು ಇದೇ. ಅಂಕೋಲಾದ ಕೇಣಿಯಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ 4,119 ಕೋಟಿ ರೂಪಾಯಿಯ ಬಂದರು ಯೋಜನೆ ಬಂದಾಗ ಹೇಳಿದ್ದೇನು? ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ, ಕಲಬುರಗಿ, ದಕ್ಷಿಣ ಮಹಾರಾಷ್ಟ್ರದ ಉದ್ದಿಮೆಗಳಿಗೆ ಅನುಕೂಲ ಎಂದು. ಅದನ್ನು ಕೇಳಿದ್ದೇ ತಡ, ನಮ್ಮ ಸಕ್ಕರೆ ಕಾರ್ಖಾನೆಯ ದೊಡ್ಡವರು, ಅವರ ಹಿಂದೆ ತಿರುಗುವ ಸಣ್ಣವರು, ‘ಬಂದರು ಆದರೆ ನಮ್ಮ ಸಕ್ಕರೆ ವಿದೇಶಕ್ಕೆ ಹೋಗುತ್ತದೆ, ಕಬ್ಬಿಗೆ ರೇಟು ಬರುತ್ತದೆ’ ಎಂದು ಶುರು ಮಾಡಿದರು. ಸುಳ್ಳಿಗೂ ಒಂದು ಮಿತಿ ಇರಬೇಕು. 2023–24ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಸಕ್ಕರೆ ರಫ್ತಿಗೆ ಅನುಮತಿಯನ್ನೇ ಕೊಡಲಿಲ್ಲ. 2025ರ ಜನವರಿಯಲ್ಲಿ ಕೊಟ್ಟದ್ದು ಇಡೀ ದೇಶಕ್ಕೆ ಸೇರಿ 10 ಲಕ್ಷ ಟನ್. ಉಗಾರದ, ಚಿಕ್ಕೋಡಿಯ, ಅಥಣಿಯ ಸಕ್ಕರೆ ಗೋದಾಮಿನಲ್ಲಿ ಕೂತದ್ದು ಸಮುದ್ರಕ್ಕೆ ದಾರಿ ಇಲ್ಲದ್ದಕ್ಕಲ್ಲ, ದಿಲ್ಲಿಯಿಂದ ಪರವಾನಗಿ ಇಲ್ಲದ್ದಕ್ಕೆ. ಮುಂಬೈಯ ಜವಾಹರಲಾಲ್ ನೆಹರೂ ಬಂದರು ಇದೆ, ಗೋವಾದ ಮುರಗಾಂವ್ ಇದೆ, ಜಯಗಡ ಇದೆ. ಇಷ್ಟು ಬಂದರುಗಳಿಂದ ಹೆಚ್ಚದ ಕಬ್ಬಿನ ರೇಟು ಕೇಣಿಯ ಮೀನುಗಾರನ ದಂಡೆ ಅಗೆದರೆ ಹೇಗೆ ಹೆಚ್ಚುತ್ತದೆ? ಉಕ್ಕಿನ ಕಾರ್ಖಾನೆಯ ಸರಕಿಗೆ ಬಂದರು ಬೇಕಿದ್ದರೆ ಹಾಗೆಂದೇ ಹೇಳಿ. ಕಬ್ಬು ಬೆಳೆಗಾರನ ಹೆಸರನ್ನು ಅದರ ಮುಂದೆ ಹಿಡಿಯಬೇಡಿ. 2025ರ ಆಗಸ್ಟ್ 22ರಂದು ಅಂಕೋಲಾದಲ್ಲಿ ನಡೆದ ಅಹವಾಲು ಸಭೆಯಲ್ಲಿ ಆ ತಾಲ್ಲೂಕಿನ ಜನ ತಮ್ಮ ಉತ್ತರ ಕೊಟ್ಟಾಗಿದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ಅದು. ಸಮುದ್ರದ ಮೇಲಿನ ಹಕ್ಕು ಏನೆಂದು ಯಾರೂ ಹೋಗಿ ಕಲಿಸಬೇಕಾಗಿಲ್ಲ.

‘ಪರಿಹಾರ ಕೊಡ್ತಾರ, ಬ್ಯಾರೆ ಕಡೆ ಹೋಗಲಿ’ ಎಂದು ಹೇಳುವವರು ಒಂದು ಸಲ ಯಡೂರಿನಲ್ಲಿ, ಕಲ್ಲೋಳದಲ್ಲಿ, ಜುಗೂಳದಲ್ಲಿ, ಕುಡಚಿಯಲ್ಲಿ, ಸಪ್ತಸಾಗರದಲ್ಲಿ ನಿಂತು ಈ ಮಾತು ಹೇಳಲಿ. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದು ಮನೆಗಳು ಬಿದ್ದಾಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಿದರು. ಆಮೇಲೆ ಎ, ಬಿ, ಸಿ ಎಂದು ದರ್ಜೆ ಮಾಡಿದರು. ಯಾವ ಮನೆ ಎ, ಯಾವುದು ಸಿ ಎಂದು ತೀರ್ಮಾನ ಮಾಡಿಸಲು ಎಷ್ಟು ಸಲ ತಹಶೀಲ್ದಾರ್ ಕಚೇರಿಗೆ ಅಲೆದೆವು ಎಂಬುದು ನಮ್ಮ ಚಪ್ಪಲಿಗೆ ಗೊತ್ತು. 2021ರಲ್ಲಿ ಮತ್ತೆ ನೀರು ಬಂತು, ಮತ್ತೆ ಗಂಜಿ ಕೇಂದ್ರ, ಮತ್ತೆ ಅರ್ಜಿ. ಆಗ ದೂರದ ಊರುಗಳ ಜನ ನಮ್ಮನ್ನು ಕೇಳುತ್ತಿದ್ದ ಪ್ರಶ್ನೆ ನೆನಪಿಲ್ಲವೇ? ‘ಈ ಜನ ನದಿ ದಂಡೆ ಬಿಟ್ಟು ಯಾಕೆ ಮೇಲೆ ಹೋಗುವುದಿಲ್ಲ?’ ಹೊಲ ಅಲ್ಲಿದೆ, ಎಮ್ಮೆ ಅಲ್ಲಿದೆ, ದೇವರು ಅಲ್ಲಿದ್ದಾನೆ, ಕೊಟ್ಟ ಪ್ಲಾಟಿಗೆ ನೀರಿಲ್ಲ ಎಂದು ಹೇಳಿ ಹೇಳಿ ಬಾಯಿ ಒಣಗಿತ್ತು. ಈಗ ಅದೇ ಪ್ರಶ್ನೆಯನ್ನು ನಾವು ಟೊಂಕದವರಿಗೆ ಕೇಳುತ್ತಿದ್ದೇವೆ. ಆ ಕರಾವಳಿಯವರು ಒಮ್ಮೆ ಎದ್ದು ಹೋಗಿ ನೋಡಿದವರೇ. ಕಾರವಾರದ ಹತ್ತಿರ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆ ಆಯಿತು. ದೇಶಕ್ಕಾಗಿ ಎಂದು ಹಳ್ಳಿ ಹಳ್ಳಿಯೇ ಎದ್ದು ಹೋಯಿತು, ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. 2020ರ ಜನವರಿಯಲ್ಲಿ ಸಾಗರಮಾಲಾ ಹೆಸರಿನಲ್ಲಿ ಕಾರವಾರದ ಠಾಗೋರ್ ಕಡಲತೀರಕ್ಕೇ ಅಲೆತಡೆ ಗೋಡೆ ಕಟ್ಟಲು ಹೊರಟಾಗ ಇಡೀ ಊರು ಬಂದ್ ಮಾಡಿತು. ಒಂದು ಸಲ ಕೊಟ್ಟವರ ಬಳಿಯೇ ಮತ್ತೆ ಮತ್ತೆ ಕೈ ಚಾಚಿದರೆ ಅವರು ಬೇಡ ಅನ್ನದೆ ಇನ್ನೇನು ಅನ್ನಬೇಕು?

ಹೋರಾಟ ಎಂದರೆ ಏನೆಂದು ನಮಗೆ ಗೊತ್ತಿಲ್ಲವೇ? 1981ರಲ್ಲಿ ತಂಬಾಕಿನ ಬೆಲೆಗಾಗಿ ನಿಪ್ಪಾಣಿಯ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ಊರು ಕಟ್ಟಿಕೊಂಡು ಕೂತರು. ಏಪ್ರಿಲ್‌ನಲ್ಲಿ ಗುಂಡು ಹಾರಿತು, ರೈತರು ಸತ್ತರು. ಇವತ್ತಿಗೂ ನಾವು ಅವರನ್ನು ಹುತಾತ್ಮರು ಅನ್ನುತ್ತೇವೆ, ಅನ್ನಲೇಬೇಕು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ಕೂತೆವು. ಚಿಕ್ಕೋಡಿ, ರಾಯಬಾಗ, ಅಥಣಿ ಎಲ್ಲ ಎದ್ದಿತು, ರಸ್ತೆ ನಿಂತಿತು, ಮುಖ್ಯಮಂತ್ರಿ ಸಭೆ ಕರೆದು 3,300 ರೂಪಾಯಿಗೆ ಒಪ್ಪಿಸಿದರು. ರಸ್ತೆಯಲ್ಲಿ ಸಿಕ್ಕಿಬಿದ್ದ ಯಾರಾದರೂ ನಮ್ಮನ್ನು ಅಭಿವೃದ್ಧಿ ವಿರೋಧಿಗಳು ಅಂದಿದ್ದರೆ ನಾವು ಬಿಡುತ್ತಿದ್ದೆವೇ? ಹೆದ್ದಾರಿ ತಡೆದ ನಾವು ರೈತ ಹೋರಾಟಗಾರರು, ಸ್ವಂತ ಮರಳಿನ ಮೇಲೆ ನಿಂತ ಆ ಹೆಂಗಸರು ತಲೆಹರಟೆಗಳು! ಯಾವ ನ್ಯಾಯ ಇದು?

ಬೆಂಗಳೂರಿನ ವಿಧಾನಸೌಧದಿಂದ ನೋಡಿದರೆ ಕೃಷ್ಣೆಯ ದಂಡೆಯೂ ಅಂಚು, ಶರಾವತಿಯ ಅಳಿವೆಯೂ ಅಂಚು. ನಮಗೆ ಮಹಾಪೂರ ಬಂದಾಗ ಹೆಲಿಕಾಪ್ಟರ್ ಸಮೀಕ್ಷೆ, ಅವರಿಗೆ ಬಂದರು ಬಂದಾಗ ನಿಷೇಧಾಜ್ಞೆ. ಆಸ್ಪತ್ರೆಗೆ ನಮ್ಮವರು ಮಿರಜ, ಕೊಲ್ಲಾಪುರಕ್ಕೆ ಓಡುತ್ತಾರೆ, ಅವರು ಮಂಗಳೂರು, ಮಣಿಪಾಲ, ಗೋವಾಕ್ಕೆ ಓಡುತ್ತಾರೆ. ಒಂದು ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದವರು ವರ್ಷಗಟ್ಟಲೆ ಕೂಗಿದ್ದಾರೆ, ಚಿಕ್ಕೋಡಿ ಜಿಲ್ಲೆಗಾಗಿ ನಾವು ಕೂಗಿದ್ದೇವೆ. ಜಿಲ್ಲೆ ಕೊಡಿ ಎಂದರೆ ಸಮಯ ಬೇಕು, ಆಸ್ಪತ್ರೆ ಕೊಡಿ ಎಂದರೆ ಹಣ ಇಲ್ಲ, ಬಂದರಿಗೆ ಮಾತ್ರ ಜಾಗ, ರಸ್ತೆ, ಪೊಲೀಸು ಎಲ್ಲವೂ ತಯಾರು. ಇಂಥದ್ದರಲ್ಲಿ ಅಂಚಿನವರಾದ ನಾವು ಅಂಚಿನವರ ಮೇಲೆಯೇ ತೀರ್ಪು ಕೊಡುತ್ತ ಕೂತರೆ ಬೆಂಗಳೂರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ನಮ್ಮ ಕಡೆಯ ಶಾಸಕರು ಕಬ್ಬಿನ ಬಾಕಿ ಕೇಳುತ್ತಾರೆ, ಕೇಳಲಿ. ಅದರ ಜೊತೆಗೆ ಎರಡು ಪ್ರಶ್ನೆ ಕೇಳಲು ಅವರಿಗೆ ನಾವೇ ಹೇಳಬೇಕು. ಟೊಂಕದ ಮೀನುಗಾರ ಕುಟುಂಬಗಳಿಗೆ ಮನೆ ಜಾಗದ ಪಟ್ಟಾ ಯಾವ ತಾರೀಖಿಗೆ ಕೊಡುತ್ತೀರಿ? 2010ರ ಆ ಗುತ್ತಿಗೆ ಯಾವಾಗ ರದ್ದು ಮಾಡುತ್ತೀರಿ? ಮುಂದಿನ ರಜೆಗೆ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಹೋಗುವವರು ಹೋಗಲಿ, ಸಮುದ್ರ ಎಲ್ಲರದ್ದು. ಗಾಡಿಯನ್ನು ಮೀನಿನ ಬಯಲಿನಿಂದ ಆಚೆ ನಿಲ್ಲಿಸಲಿ. ಊರಿಗೆ ಬಂದ ಮೇಲೆ ‘ಆ ಮಂದಿ ಹಂಗ’ ಎಂದು ಹೇಳುವ ಮೊದಲು ತಮ್ಮ ಹೊಲದ ಉತಾರೆಯನ್ನು ಒಮ್ಮೆ ತೆಗೆದು ನೋಡಲಿ. ಅವರ ಹೆಸರಿನಲ್ಲಿ ಒಂದು ಕಾಗದವಾದರೂ ಇದೆ, ಟೊಂಕದ ಎಷ್ಟೋ ಮನೆಗಳಿಗೆ ಅದೂ ಇಲ್ಲ.